ಮಾವನ ಸ್ಪೀಕರಿನ ಬೆನ್ನು

"ಕೈ ಬಂತಾ?"

"ಕೈ ಬಂತು. ಬಟ್ಟೆ ಬರ್ತಿಲ್ಲ."

"ಬಟ್ಟೆ ಅಲ್ಲೇ ಬಿಟ್ಟು ಎದ್ದೇಳಿ."

"ಅದು ಎಂಥದ್ದಕ್ಕೋ ಸುತ್ತಿಕೊಂಡಿದೆ ಕಣೇ. ಒಂಚೂರು ಎಳೆದ್ರೆ..."

ಕರಕ್ ಎಂದು ಸದ್ದಾಯಿತು.

ಗೋಡೆಗೂ ಸ್ಪೀಕರಿಗೂ ನಡುವಿನ ಸಂದಿಯಲ್ಲಿ ಒಂದು ಕೆನ್ನೆಯನ್ನು ನೆಲಕ್ಕೊತ್ತಿ ಮಲಗಿದ್ದ ಗಂಡ ಹಾಗೇ ಉಳಿದುಬಿಟ್ಟ. ಧೂಳು ಒರೆಸುವ ಬಟ್ಟೆ ಈಗ ಸಲೀಸಾಗಿ ಅವನ ಕೈಗೆ ಬಂದಿತ್ತು. ಅಷ್ಟು ಹೊತ್ತು ಆ ಸ್ಪೀಕರಿನೊಳಗಿಂದ ಮೆಲ್ಲಗೆ ಹಾಡುತ್ತಿದ್ದ ಹೆಂಗಸು ಮಾತ್ರ ಇದ್ದಕ್ಕಿದ್ದಂತೆ ಯಾರೋ ಚಿವುಟಿದ ಹಾಗೆ ಹಾಡತೊಡಗಿದಳು.

ಹೆಂಡತಿ ಸೊಂಟದ ಮೇಲಿದ್ದ ಕೈ ತೆಗೆದು ಬಾಯಿಯ ಮೇಲಿಟ್ಟುಕೊಂಡಳು. "ಮುಟ್ಟಿಬಿಟ್ರಾ?"

"ನಾನು ಮುಟ್ಟಿಲ್ಲ. ಬಟ್ಟೆ ಮುಟ್ಟಿತು."

ಈ ವಾದದಲ್ಲಿ ಹುರುಳಿತ್ತು. ನ್ಯಾಯಾಲಯದಲ್ಲಿ ಮಂಡಿಸಬಹುದಿತ್ತು ಕೂಡ. ತೊಂದರೆಯೆಂದರೆ, ಭಾನುವಾರ ಬಂದು ತೀರ್ಪು ಕೊಡಬೇಕಾಗಿದ್ದ ಮನುಷ್ಯ ಜೀವಮಾನವನ್ನೆಲ್ಲ ನ್ಯಾಯಾಲಯದಲ್ಲೇ ಕಳೆದಿದ್ದರು.

ಅವರು ಅವಳ ಅಪ್ಪ, ಇವನ ಮಾವ, ಕೋರ್ಟಿನಲ್ಲಿ ಸ್ಟೆನೋಗ್ರಾಫರ್ ಆಗಿದ್ದು ನಿವೃತ್ತರಾದವರು. ಸಾಕ್ಷಿಗಳು ಗೊಣಗಿದ್ದನ್ನು, ವಕೀಲರು ನುಂಗಿದ್ದನ್ನು, ನ್ಯಾಯಾಧೀಶರು ಆಕಳಿಸುತ್ತ ಆಡಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡ ಕಿವಿ ಅವರದು. ಅವರೆದುರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. "ನೀವು ಈಗ 'ಬಹುಶಃ' ಅಂದ್ರಿ," ಎನ್ನುತ್ತಿದ್ದರು. ಅಷ್ಟೇ. ಎದುರಿಗಿದ್ದವನು ಬೆವರತೊಡಗುತ್ತಿದ್ದ.

ಅಳಿಯನಾದವನು ಮದುವೆಯ ಮರುವಾರ ಅವರ ಕನ್ನಡಕದ ಮೇಲೆ ಕೂತಿದ್ದ. ಅಂದಿನಿಂದ ಮಾವ ಅವನ ಕೈಗೆ ಒಡೆಯುವಂಥದ್ದು, ಹರಿಯುವಂಥದ್ದು, ಚೆಲ್ಲುವಂಥದ್ದು ಯಾವುದನ್ನೂ ಕೊಟ್ಟಿರಲಿಲ್ಲ. ಎಲ್ಲರಿಗೂ ಪಿಂಗಾಣಿ ಬಟ್ಟಲಿನಲ್ಲಿ ಟೀ ಬಂದರೆ ಇವನಿಗೆ ಸ್ಟೀಲ್ ಲೋಟದಲ್ಲಿ ಬರುತ್ತಿತ್ತು. ಹಾಗಿರುವಾಗ ಮಾವನ ಮನೆಯ ನೆಲ ಅಗೆದು ಹೊಸದಾಗಿ ಹಾಕಿಸುವ ಕೆಲಸ ಶುರುವಾಗಿ, ಅವರ ಪ್ರಾಣಕ್ಕೆ ಸಮನಾದ ಆ ಎರಡು ಹಳೇ ಕಾಲದ ಸ್ಪೀಕರ್‌ಗಳನ್ನು ಎಲ್ಲಾದರೂ ಇಡಬೇಕಾಗಿ ಬಂದಾಗ, ಮಗಳು ನಡುವೆ ಬಂದಳು. "ನಮ್ಮ ಮನೇಲಿಡು ಅಪ್ಪ. ಇವರಿಗೂ ಒಂದು ಅವಕಾಶ ಕೊಡು. ನಾನಿದ್ದೀನಲ್ಲ."

ಮಾವ ಒಪ್ಪಿದರು. ಸೊಂಟದೆತ್ತರದ ಮರದ ಪೆಟ್ಟಿಗೆಗಳು ನಾಲ್ಕಾಳುಗಳ ಹೆಗಲ ಮೇಲೆ ಬಂದು ಇಳಿದವು. ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿಸಿ, ಮಾವ ಷರತ್ತು ಹೇಳಿದರು.

"ಮುಂದುಗಡೆ ಒರೆಸಬಹುದು. ಹಿಂದೆ ಒಂದೊಂದು ನಾಬ್ ಇದೆ. ಅದರ ಅಸ್ತಿತ್ವವನ್ನೇ ಅಳಿಯಂದಿರು ಮರೆತುಬಿಡಬೇಕು."

"ಆಗ್ಲೇ ಮರೆತೆ ಮಾವ."

"ಏನನ್ನ?"

"ಆ ನಾಬನ್ನ."

"ಅಂದ್ರೆ ನೆನಪಿದೆ," ಎಂದು ಮಾವ ಹೊರಟುಹೋದರು.

ಆ ನಾಬಿನ ಕೆಲಸ ದೊಡ್ಡದೇನಲ್ಲ. ಪೆಟ್ಟಿಗೆಯೊಳಗೆ ಕೆಳಗೊಂದು ದೊಡ್ಡ ಸ್ಪೀಕರ್, ಮೇಲೊಂದು ಚಿಕ್ಕದು. ದಪ್ಪ ಸದ್ದು ಕೆಳಗಿನದರಿಂದ, ತೆಳು ಸದ್ದು ಮೇಲಿನದರಿಂದ. ಮೇಲಿನದಕ್ಕೆ ಎಷ್ಟು ಪಾಲು ಕೊಡಬೇಕು ಎಂದು ತೀರ್ಮಾನಿಸುವುದು ಆ ನಾಬ್. ಒಂದು ಕಡೆಗೆ ತಿರುಗಿಸಿದರೆ ಹಾಡುವವರಿಗೆ ನೆಗಡಿ, ಇನ್ನೊಂದು ಕಡೆಗೆ ತಿರುಗಿಸಿದರೆ ಸಿಟ್ಟು. ನಡುವೆ ಎಲ್ಲೋ ಒಂದು ಜಾಗದಲ್ಲಿ ಮಾವ ಇಷ್ಟು ವರ್ಷ ಸಂಗೀತ ಕೇಳಿದ್ದರು. ಆ ಜಾಗ ಯಾವುದೆಂದು ಈಗ ಧೂಳು ಒರೆಸುವ ಬಟ್ಟೆಗೆ ಮಾತ್ರ ಗೊತ್ತಿತ್ತು.

"ಇನ್ನೊಂದು ಪೆಟ್ಟಿಗೆ ಇದೆಯಲ್ಲ," ಹೆಂಡತಿ ಹೇಳಿದಳು. "ಅದರ ನಾಬ್ ಎಲ್ಲಿದೆ ನೋಡಿ, ಇದನ್ನೂ ಅಲ್ಲಿಗೇ ತಿರುಗಿಸಿ. ಮುಗೀತು."

ಆ ವಾರದಲ್ಲಿ ಆ ಮನೆಯಲ್ಲಿ ಆಡಿದ ಮಾತುಗಳಲ್ಲಿ ಇದೇ ಅತ್ಯಂತ ವಿವೇಕದ್ದು. ಅದನ್ನು ಆಡಿ ಅವಳು ಅಡುಗೆಮನೆಗೆ ಹೋಗಬಾರದಿತ್ತು.

ಗಂಡ ಇನ್ನೊಂದು ಸ್ಪೀಕರಿನ ಹಿಂದೆ ಮಲಗಿ ಕೈ ಚಾಚಿದ. ನಾಬ್ ಸಿಕ್ಕಿತು. ಅದರ ಮೇಲೆ ಒಂದು ಕಾಲದಲ್ಲಿ ಇದ್ದಿರಬಹುದಾದ ಬಿಳಿಗೆರೆ ಸವೆದುಹೋಗಿ, ಎಲ್ಲ ಕಡೆಯಿಂದಲೂ ಅದು ಒಂದೇ ಥರ ಇತ್ತು. ಇವನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಕೆಲಸ ಮಾಡುವವನು; ಅಂಗಡಿಗಳ ತಕ್ಕಡಿ ಪರೀಕ್ಷಿಸುತ್ತಾನೆಂದು ಕಟ್ಟಡದಲ್ಲೆಲ್ಲ ಇವನಿಗೆ ತಕ್ಕಡಿ ಎಂದೇ ಹೆಸರು. ಗುರುತಿಲ್ಲದ ನಾಬ್ ಎಲ್ಲಿದೆ ಎಂದು ತಿಳಿಯುವ ಶಾಸ್ತ್ರೀಯ ವಿಧಾನ ಅವನಿಗೆ ಗೊತ್ತಿತ್ತು: ಎಡಕ್ಕೆ ಎಷ್ಟು ಜಾಗವಿದೆ, ಬಲಕ್ಕೆ ಎಷ್ಟು ಜಾಗವಿದೆ ಎಂದು ನೋಡುವುದು. ಅವನು ಅದನ್ನು ಎಡಕ್ಕೆ ಕೊನೆಯವರೆಗೂ ತಿರುಗಿಸಿದ. ಆಮೇಲೆ ಬಲಕ್ಕೆ ಕೊನೆಯವರೆಗೂ ತಿರುಗಿಸಿದ. ಒಟ್ಟು ಮುಕ್ಕಾಲು ಸುತ್ತು. ಲೆಕ್ಕ ಸಿಕ್ಕಿದ ಸಂತೋಷದಲ್ಲಿ ಎದ್ದು ಕೂತು ಅಂಗೈ ಒರೆಸಿಕೊಂಡ. ಹೊರಟಿದ್ದು ಎಲ್ಲಿಂದ ಎಂಬ ಪ್ರಶ್ನೆ ಆಗ ಹುಟ್ಟಿತು.

"ಸಿಕ್ತಾ?" ಎಂದಳು ಹೆಂಡತಿ ಒಳಗಿನಿಂದ.

"ಸಿಕ್ಕಿತ್ತು," ಎಂದ ತಕ್ಕಡಿ.

*

ಸ್ಪೀಕರ್‌ಗಳು ಬಂದಿಳಿದ ದಿನ ತಕ್ಕಡಿ ನೆಟ್ಟಗೆ ಇದ್ದಿದ್ದರೆ ವಿಷಯ ಇಲ್ಲಿಗೇ ನಿಲ್ಲುತ್ತಿತ್ತು. ಆದರೆ ಅವನು ಅಂದು ಕೆಳಗಿನಂಗಡಿಯ ಟೈಲರನ್ನೂ ಎದುರು ಮನೆಯ ಹಲ್ಲಿನ ಡಾಕ್ಟರಮ್ಮನನ್ನೂ ಕರೆದು ಕೂರಿಸಿ, ಹಾಡು ಹಾಕಿ, ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, "ನನ್ನ ಕಿವಿಗೆ ಅರ್ಧ ಕೂದಲಿನಷ್ಟು ವ್ಯತ್ಯಾಸ ಆದ್ರೂ ಗೊತ್ತಾಗಿಬಿಡತ್ತೆ" ಎಂದು ಘೋಷಿಸಿದ್ದ. ಹೀಗಾಗಿ ಆ ಮೂಲ ಸದ್ದಿಗೆ ಈ ಊರಿನಲ್ಲಿ ಇಬ್ಬರು ಸಾಕ್ಷಿಗಳಿದ್ದರು. ಹೆಂಡತಿ ಇಬ್ಬರನ್ನೂ ಕರೆಸಿದಳು.

ಟೈಲರ್ ಕೊರಳಲ್ಲಿ ಅಳತೆ ಟೇಪ್ ನೇತುಹಾಕಿಕೊಂಡೇ ಬಂದ. ಹಾಡು ಹಾಕಿದರು. ಅವನು ಕಣ್ಣು ಕಿರಿದಾಗಿಸಿ ಸ್ಪೀಕರನ್ನು ಮೇಲಿಂದ ಕೆಳಗೆ ನೋಡಿದ.

"ಭುಜ ಬಿಗಿ ಸಾರ್. ಮೊದಲ ದಿನ ಹಾಡು ಮೈಮೇಲೆ ಹಾಯಾಗಿ ಕೂತಿತ್ತು. ಈಗ ಕಂಕುಳಲ್ಲಿ ಹಿಡೀತಿದೆ."

"ಕಂಕುಳೂ ಅಲ್ಲ ಏನೂ ಅಲ್ಲ," ಎಂದರು ಡಾಕ್ಟರಮ್ಮ. "ಮೇಲಿನ ಸಾಲಲ್ಲಿ ಜುಂ ಅಂತಿದೆ. ತಣ್ಣೀರು ಕುಡಿದ ಹಾಗೆ. ಎಲ್ಲೋ ನರ ತೆರೆದುಕೊಂಡಿದೆ."

"ನರ ಅಲ್ಲ ಡಾಕ್ಟ್ರೇ, ಹೊಲಿಗೆ."

"ನೀವು ಹೊಲಿದ ಪ್ಯಾಂಟ್ ಹಾಕ್ಕೊಂಡು ನಮ್ಮ ಕಾಂಪೌಂಡರ್ ಕುರ್ಚಿ ಮೇಲೆ ಕೂರೋಕೇ ಆಗ್ತಿಲ್ಲ. ಹೊಲಿಗೆ ವಿಷಯ ನೀವು ಮಾತಾಡ್ಬೇಡಿ."

"ನನಗನ್ನಿಸೋದು," ಹೆಂಡತಿ ನಡುವೆ ಬಾಯಿ ಹಾಕಿದಳು, "ಅಪ್ಪನ ಮನೇಲಿ ಆ ಹಾಡೋಳು ಬಾಗಿಲ ಹತ್ತಿರ ನಿಂತು ಹಾಡ್ತಿದ್ದಳು. ಇಲ್ಲಿ ಬಂದು ಸೋಫಾ ಮೇಲೆ ಕೂತಿದ್ದಾಳೆ."

"ಅಲ್ಲಿ ಯಾಕೆ ನಿಂತಿರ್ತಿದ್ದಳು?" ತಕ್ಕಡಿ ಕೇಳಿದ.

"ಅಪ್ಪ ಯಾರನ್ನೂ ಒಳಗೆ ಬನ್ನಿ ಅಂತ ಕರೆಯಲ್ಲವಲ್ಲ."

ಕಾರ್ಯಾಚರಣೆ ಶುರುವಾಯಿತು. ಪೆಟ್ಟಿಗೆಗಳನ್ನು ಗೋಡೆಯಿಂದ ಸರಿಸುವಂತಿರಲಿಲ್ಲ. ಮಾವನ ಗೇಣು ಬೇರೆಯವರ ಗೇಣಿನಂಥದ್ದಲ್ಲ, ಅವರು ಬಂದವರೇ ಅಳೆಯುತ್ತಾರೆ. ಡಾಕ್ಟರಮ್ಮ ಹೋಗಿ ಬಾಯೊಳಗೆ ನೋಡುವ ತಮ್ಮ ಪುಟ್ಟ ಕನ್ನಡಿ ತಂದರು. ಅದನ್ನು ಸ್ಪೀಕರಿನ ಹಿಂದೆ ಇಳಿಬಿಟ್ಟು, ಬ್ಯಾಟರಿ ಬೆಳಕು ಹಾಯಿಸಿ, "ಸ್ವಲ್ಪ ಅಗಲ ಮಾಡಿ" ಎಂದರು. ಯಾರಿಗೆ ಹೇಳಿದರೆಂದು ಯಾರಿಗೂ ಗೊತ್ತಾಗಲಿಲ್ಲ. ಟೈಲರ್ ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಬಣ್ಣಬಣ್ಣದ ಸೀಮೆಸುಣ್ಣದ ಚಪ್ಪಟೆ ತುಂಡುಗಳನ್ನು ತೆಗೆದು ನಾಬಿನ ಮೇಲೊಂದು ಗೆರೆ ಎಳೆದ. ತಕ್ಕಡಿ ನೆಲದ ಮೇಲೆ ಮಲಗಿ ತಿರುಗಿಸುವ ಕೆಲಸಕ್ಕೆ ನಿಂತ.

"ಹೂಂ, ತಿರುಗಿಸಿ. ಇನ್ನೂ. ಇನ್ನೂ. ಬಿಟ್ರಿ! ಹಿಂದಕ್ಕೆ ಬನ್ನಿ. ಅಲ್ಲೇ! ಅಲ್ಲೇ ನನ್ನ ಗುರುತು ಹಾಕಿ," ಎಂದ ಟೈಲರ್. "ಈಗ ನೋಡಿ ಹೆಂಗೆ ಬಿದ್ದಿದೆ. ಒಂದು ಸುಕ್ಕಿಲ್ಲ."

"ಸತ್ತ ಹಲ್ಲು," ಎಂದರು ಡಾಕ್ಟರಮ್ಮ. "ನೋವಿಲ್ಲ, ಜೀವಾನೂ ಇಲ್ಲ. ಇನ್ನೊಂಚೂರು ಮೇಲೆ ಹೋಗಿ. ಹಾಂ, ಇದು ಆರೋಗ್ಯ."

"ಅವಳು ಮತ್ತೆ ಸೋಫಾ ಮೇಲೆ ಬಂದಳು," ಎಂದಳು ಹೆಂಡತಿ. "ಎಬ್ಬಿಸಿ ಅವಳನ್ನ."

ಟೈಲರಿನದು ನೀಲಿ ಗುರುತು, ಡಾಕ್ಟರಮ್ಮನದು ಕೆಂಪು, ಹೆಂಡತಿಯದು ಹಳದಿ. ಕತ್ತಲಾಗುವ ಹೊತ್ತಿಗೆ ಎರಡೂ ಸ್ಪೀಕರುಗಳ ಬೆನ್ನುಗಳು, ಕತ್ತರಿಸಲು ಹರಡಿದ ಬಟ್ಟೆಯ ಹಾಗೆ ಕಾಣುತ್ತಿದ್ದವು. ಮೂವರೂ ತಮ್ಮ ತಮ್ಮ ಗುರುತನ್ನು ಬಿಟ್ಟು ಒಂದಿಂಚು ಕದಲಲೊಪ್ಪಲಿಲ್ಲ.

"ನನ್ನ ಅಳತೆ ನಂಬಿ ಈ ಬೀದೀಲಿ ಅರ್ಧ ಜನ ಉಸಿರಾಡ್ತಿದ್ದಾರೆ," ಎಂದ ಟೈಲರ್.

"ಅದಕ್ಕೇ ಅವರ ಮುಖ ಹಾಗಿರೋದು," ಎಂದರು ಡಾಕ್ಟರಮ್ಮ. ಆಮೇಲೆ ಇಬ್ಬರೂ ಒಟ್ಟಿಗೆ ತಕ್ಕಡಿಯತ್ತ ತಿರುಗಿದರು. "ಅರ್ಧ ಕೂದಲಿನ ಕಿವಿ ನಿಮ್ಮದಲ್ವಾ? ನೀವೇ ಹೇಳಿ. ಮೂರರಲ್ಲಿ ಯಾವುದು?"

ತಕ್ಕಡಿ ಕಣ್ಣು ಮುಚ್ಚಿ ತಲೆ ವಾಲಿಸಿದ. ನೀಲಿ ಕೇಳಿದ, ಕೆಂಪು ಕೇಳಿದ, ಹಳದಿ ಕೇಳಿದ. ಮೂರೂ ಅವನಿಗೆ ಒಂದೇ ಥರ ಕೇಳಿಸಿದವು.

"ಮೂರರಲ್ಲೂ ಸತ್ಯಾಂಶ ಇದೆ," ಎಂದ.

*

ಮಾರನೇ ದಿನ ಊಟದ ವಿರಾಮದಲ್ಲಿ ತಕ್ಕಡಿ ಸಾಹೇಬರ ಮೇಜಿನ ಮುಂದೆ ನಿಂತ. ಸಾಹೇಬರು ಇಲಾಖೆಯ ದಂತಕಥೆ. ಅವರ ಕೈಗೆ ಸೀಲ್ ಹಾಕುವ ಇಕ್ಕಳ ಬಂದಮೇಲೆ ಅವರ ವ್ಯಾಪ್ತಿಯಲ್ಲಿ ಯಾವುದೂ ಬಿಚ್ಚಿಕೊಂಡಿದ್ದಿಲ್ಲ ಎಂದು ಜನ ಹೇಳುತ್ತಿದ್ದರು.

"ಸಾರ್, ಒಂದು ಅನುಮಾನ. ಒಂದು ಸಾಧನ. ಅದಕ್ಕೆ ಮುಳ್ಳಿಲ್ಲ. ಮೊದಲು ಎಲ್ಲಿ ನಿಂತಿತ್ತು ಅನ್ನೋದು ಕಳೆದುಹೋಗಿದೆ. ಮೂರು ಸಾಕ್ಷಿ, ಮೂರು ಹೇಳಿಕೆ. ಏನು ಮಾಡಬೇಕು ಸಾರ್?"

ಸಾಹೇಬರು ಊಟದ ಡಬ್ಬಿ ಮುಚ್ಚಿದರು. "ಸಾಧನ ಯಾರದ್ದು?"

"ನಮ್ಮ ಮಾವಂದು ಸಾರ್."

"ತಿರುಚಿದ್ದಾರೆ?"

"ತಿರುಚಿದ್ದು ಹೌದು ಸಾರ್, ಆದ್ರೆ ಅವರಲ್ಲ..."

"ನೋಡು, ಸ್ವಂತ ಮಾವ ಅಂತ ಮುಚ್ಚಿಡದೆ ಬಂದು ಹೇಳ್ತಿದ್ದೀಯ." ಸಾಹೇಬರು ಎದ್ದು ಅವನ ಭುಜ ತಟ್ಟಿದರು. "ಈ ಇಲಾಖೆ ನಿಂತಿರೋದೇ ನಿನ್ನಂಥವರಿಂದ. ನಡಿ."

"ಎಲ್ಲಿಗೆ ಸಾರ್?"

"ನಿಮ್ಮ ಮಾವನ ಮೇಲೆ ದಾಳಿಗೆ."

ಜೀಪಿನಲ್ಲಿ ತಕ್ಕಡಿ ದಾರಿಯುದ್ದಕ್ಕೂ ವಿವರಿಸಿದ. ಜೀಪಿನ ಸದ್ದಿನಲ್ಲಿ ಸಾಹೇಬರು ದಾರಿಯುದ್ದಕ್ಕೂ ತಲೆಯಾಡಿಸಿದರು. ತಕ್ಕಡಿಯ ಮನೆಯೊಳಗೆ ಕಾಲಿಟ್ಟ ಸಾಹೇಬರು ಬೂಟುಗಾಲಿನಲ್ಲೇ ಎರಡೂ ಪೆಟ್ಟಿಗೆಗಳನ್ನು ಒಂದು ಸುತ್ತು ಹಾಕಿದರು.

"ಇದರಲ್ಲಿ ಏನು ತೂಗ್ತಾರೆ?"

"ಏನೂ ತೂಗಲ್ಲ ಸಾರ್. ಹಾಡು ಕೇಳ್ತಾರೆ."

ಜೀಪಿನ ಚಾಲಕ ಬಾಗಿಲಲ್ಲಿ ಇಕ್ಕಳ, ತಂತಿ, ಸೀಸದ ಗುಂಡುಗಳ ಚೀಲ ಹಿಡಿದು ನಿಂತಿದ್ದ. ಹೆಂಡತಿ ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು. ಸದ್ದು ಕೇಳಿ ಟೈಲರ್ ಮೇಲೆ ಬಂದಿದ್ದ. ಡಾಕ್ಟರಮ್ಮ ಒಬ್ಬ ರೋಗಿಯ ಬಾಯಲ್ಲಿ ಹತ್ತಿ ಇಟ್ಟು ಬಂದಿದ್ದರು. ಇಷ್ಟು ಜನರ ಎದುರಿನಲ್ಲಿ ಒಬ್ಬ ಅಧಿಕಾರಿ ಬರಿಗೈಯಲ್ಲಿ ವಾಪಸು ಹೋದರೆ ಆಡಳಿತದ ಮೇಲೆ ಜನಕ್ಕೆ ಯಾವ ನಂಬಿಕೆ ಉಳಿದೀತು?

"ಈ ನಾಬ್ ಏನು ಮಾಡುತ್ತೆ?" ಸಾಹೇಬರು ನಿಧಾನವಾಗಿ ಕೇಳಿದರು. "ದಪ್ಪ ಸದ್ದು ಇಷ್ಟು, ತೆಳು ಸದ್ದು ಇಷ್ಟು ಅಂತ ಪಾಲು ಮಾಡಿ ಕೊಡುತ್ತೋ ಇಲ್ವೋ?"

"ಕೊಡುತ್ತೆ ಸಾರ್."

"ಪಾಲು ಮಾಡೋದು ಅಂದ್ರೆ ಅಳತೆ. ಅಳತೆ ಅಂದ್ರೆ ಇಲಾಖೆ." ಅವರು ತೋಳು ಮಡಿಸಿದರು. "ಸಾಕ್ಷಿಗಳು ಮುಂದೆ ಬನ್ನಿ."

ಮೂವರೂ ತಮ್ಮ ಬಣ್ಣಗಳನ್ನು ಸಮರ್ಥಿಸಿಕೊಂಡರು. ಸಾಹೇಬರು ಹಾಡನ್ನು ಕೇಳಲೇ ಇಲ್ಲ. ಕೇಳಿದರೆ ನಿಷ್ಪಕ್ಷಪಾತಕ್ಕೆ ಧಕ್ಕೆ ಬರುತ್ತದೆ ಎಂದರು. ಟೈಲರಿನ ಟೇಪಿನಿಂದ ಮೂರು ಗುರುತುಗಳ ನಡುವಿನ ಅಂತರ ಅಳೆದು, ಕೂಡಿಸಿ, ಭಾಗಿಸಿ, ಸರಾಸರಿ ತೆಗೆದರು. ಅದು ಯಾರಿಗೂ ಇಷ್ಟವಿಲ್ಲದ ಜಾಗ. ಮೂವರಿಗೂ ಒಂದೇ ಪ್ರಮಾಣದಲ್ಲಿ ಇಷ್ಟವಿಲ್ಲದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ಸರ್ಕಾರಗಳು ರಚನೆಯಾಗುವುದು ಹೀಗೆಯೇ ಎಂದು ಕಾಣುತ್ತದೆ.

ನಾಬಿನ ಹಲ್ಲುಗಳ ನಡುವೆ ತಂತಿ ಸುತ್ತಿ, ಅಕ್ಕಪಕ್ಕದ ತಿರುಪುಗಳಿಗೆ ಬಿಗಿದು, ತುದಿಗಳನ್ನು ಸೀಸದ ಗುಂಡಿನಲ್ಲಿ ಸೇರಿಸಿ, ಸಾಹೇಬರು ಸಂದಿಯೊಳಗೆ ಕೈ ತೂರಿಸಿ ಇಕ್ಕಳ ಒತ್ತಿದರು. ಎಡಕ್ಕೊಂದು, ಬಲಕ್ಕೊಂದು. ಸೀಸದ ಮೇಲೆ ಇಲಾಖೆಯ ಲಾಂಛನ ಅಚ್ಚುಕಟ್ಟಾಗಿ ಮೂಡಿತು.

"ಇನ್ನು ಮುರಿದವರಿಗೆ ಶಿಕ್ಷೆ ಆಗುತ್ತೆ," ಎಂದು ಎದ್ದು ಮಂಡಿ ಕೊಡವಿಕೊಂಡರು. "ನಿಮ್ಮ ಮಾವ ಆಗಿರಲಿ, ನಮ್ಮ ಮಾವ ಆಗಿರಲಿ."

ಅವರು ಹೋದ ಮೇಲೆ ಹೆಂಡತಿ ಸೌಟನ್ನು ಮೇಜಿನ ಮೇಲಿಟ್ಟಳು. "ರೀ. ಅಪ್ಪ ಹಿಂದೆ ಬಗ್ಗಿ ನೋಡಿದ್ರೆ?"

"ಹಿಂದಿನದನ್ನ ಮರೆತುಬಿಡಿ ಅಂದವರೇ ಅವರು. ಅವರ್ಯಾಕೆ ನೋಡ್ತಾರೆ?"

"ನಾನು ಮಾತು ಕೊಟ್ಟಿದ್ದೆ ಅಪ್ಪನಿಗೆ," ಎಂದಳು ಅವಳು. "ನಿಮ್ಮ ಪರವಾಗಿ. ಇನ್ನೊಂದ್ಸಲ ಕೊಡೋಕಾಗಲ್ಲ ನನ್ನ ಕೈಲಿ. ತಿಳೀತಾ?"

ತಕ್ಕಡಿ ಒದ್ದೆ ಬಟ್ಟೆ ತೆಗೆದುಕೊಂಡು ಸೀಮೆಸುಣ್ಣದ ಗುರುತುಗಳನ್ನೆಲ್ಲ ಒರೆಸಿದ. ಈ ಬಾರಿ ಬಟ್ಟೆ ಯಾವುದಕ್ಕೂ ಸಿಕ್ಕಿಕೊಳ್ಳಲಿಲ್ಲ.

*

ಭಾನುವಾರ ಮಾವ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದರು. ಟೈಲರ್ ಅದಾಗಲೇ ಕಿಟಕಿಯ ಹತ್ತಿರ ನಿಂತು, ಯಾರೂ ಹೇಳದಿದ್ದ ಪರದೆಗೆ ಅಳತೆ ತೆಗೆಯುತ್ತಿದ್ದ. ಡಾಕ್ಟರಮ್ಮ ಸಕ್ಕರೆ ಕೇಳಲು ಬಂದವರು, ಸಕ್ಕರೆ ಸಿಕ್ಕಮೇಲೂ ಕೂತಿದ್ದರು.

"ಇವರು?" ಎಂದರು ಮಾವ.

"ನೆರೆಹೊರೆ ಅಪ್ಪ. ಸುಮ್ಮನೆ ಬಂದಿದ್ದಾರೆ."

"ಸುಮ್ಮನೆ," ಎಂದು ಮಾವ ಆ ಮಾತನ್ನು ತೂಗಿನೋಡಿ ಪಕ್ಕಕ್ಕಿಟ್ಟರು. ಗೋಡೆಗೂ ಪೆಟ್ಟಿಗೆಗೂ ನಡುವೆ ಗೇಣು ಹಾಕಿದರು. ಗೇಣು ಸರಿಯಿತ್ತು. ಪೆಟ್ಟಿಗೆಯ ಮುಂಬದಿಯ ಮೇಲೆ ಬೆರಳೆಳೆದು ಬೆಳಕಿಗೆ ಹಿಡಿದರು. ಬೆರಳು ಸ್ವಚ್ಛವಿತ್ತು. ನಡುವಿನ ಕುರ್ಚಿಯಲ್ಲಿ ಕೂತು ಹೇಳಿದರು, "ಹಾಕಿ."

ಹಾಡು ಶುರುವಾಯಿತು. ಮಾವ ಕಣ್ಣು ಮುಚ್ಚಿದರು. ಅವರ ಬಲಗೈಯ ತೋರುಬೆರಳು ಮಂಡಿಯ ಮೇಲೆ ಸಣ್ಣ ಸಣ್ಣ ಗೆರೆ, ಕೊಕ್ಕೆ, ಚುಕ್ಕೆಗಳನ್ನು ಎಳೆಯತೊಡಗಿತು. ಹಾಡುವವಳ ಪ್ರತಿ ಮಾತನ್ನೂ ಅವರು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಕೋಣೆಯಲ್ಲಿದ್ದ ನಾಲ್ವರೂ ಹಾಡು ಬಿಟ್ಟು ಆ ಬೆರಳನ್ನೇ ನೋಡುತ್ತಿದ್ದರು. ಪಿಟೀಲು ಬಂದಾಗ ಬೆರಳು ವಿರಮಿಸಿತು. ಹಾಡುವವಳು ಮತ್ತೆ ಬಂದಾಗ ಓಡಿತು. ಒಂದು ಕಡೆ ಅದು ಗಕ್ಕನೆ ನಿಂತುಬಿಟ್ಟಿತು. ಟೈಲರಿನ ಕೈಯಿಂದ ಟೇಪ್ ಜಾರಿತು. ಬೆರಳು ಮೂಗಿನ ತುದಿಯನ್ನು ಕೆರೆದು ಮಂಡಿಗೆ ಮರಳಿತು.

ಹಾಡು ಮುಗಿಯಿತು.

"ಹೌದು," ಎಂದರು ಮಾವ. "ಇದೇ. ಒಂದು ಕೂದಲಿನಷ್ಟೂ ಆಚೀಚೆ ಇಲ್ಲ."

ತಕ್ಕಡಿ ಸೋಫಾದ ಮೇಲೆ ಕುಸಿದ. ಕೂರುವ ಮುಂಚೆ ಅಲ್ಲಿ ಏನೂ ಇಲ್ಲವೆಂದು ಹೆಂಡತಿ ಕೈಯಾಡಿಸಿ ನೋಡಿದ್ದಳು.

"ಎಲ್ಲಿ, ಹಿಂದಿನ ಧೂಳೊಂದು ನೋಡಿಬಿಡೋಣ," ಎಂದು ಮಾವ ಎದ್ದರು.

"ಧೂಳಾ?"

"ಧೂಳಿದ್ದರೆ ಯಾರೂ ಕೈ ಹಾಕಿಲ್ಲ ಅಂತ ಅರ್ಥ. ಧೂಳಿಗಿಂತ ಒಳ್ಳೆ ಸಾಕ್ಷಿ ನಾನು ಕೋರ್ಟಲ್ಲೂ ನೋಡಿಲ್ಲ."

ಹಿಂಬದಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತಕ್ಕಡಿ ಅಷ್ಟು ಶ್ರದ್ಧೆಯಿಂದ ಯಾವ ಕೆಲಸವನ್ನೂ ಮಾಡಿದವನಲ್ಲ. ಮಾವ ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ಹೆಂಡತಿ ಗಂಡನ ಮಣಿಕಟ್ಟನ್ನು ಹಿಡಿದಳು. ಸಮಾಧಾನಕ್ಕೋ, ತಪ್ಪಿಸಿಕೊಳ್ಳದಿರಲೆಂದೋ ಹೇಳುವುದು ಕಷ್ಟ.

ಮಾವ ಎದ್ದಾಗ ಅವರ ಕಣ್ಣಂಚು ಒದ್ದೆಯಾಗಿತ್ತು.

"ಸರ್ಕಾರದ ಮುದ್ರೆ," ಎಂದರು. "ನಾನು ಮುಟ್ಟಬೇಡಿ ಅಂದೆ. ಬರೀ ಬಾಯಿಮಾತು. ಅಳಿಯಂದಿರು ಅದಕ್ಕೆ ಕಾನೂನಿನ ಬಲ ಕೊಟ್ಟಿದ್ದಾರೆ." ಅವರು ಮುಂದೆ ಬಂದು ಅಳಿಯನ ಎರಡೂ ಕೈಗಳನ್ನು ಹಿಡಿದುಕೊಂಡರು. "ಈ ಕೈಗಳ ಬಗ್ಗೆ ನಾನು ಇಷ್ಟು ವರ್ಷ ಏನೇನೋ ಅಂದ್ಕೊಂಡಿದ್ದೆ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಕ್ಕಡಿ ಏನನ್ನೂ ಹೇಳಲಿಲ್ಲ. ಅವನ ಬದುಕಿನಲ್ಲೇ ಇದು ಅತ್ಯಂತ ಸರಿಯಾದ ನಿರ್ಧಾರ. ಕಥೆ ಇಲ್ಲಿಗೆ ಸುಖವಾಗಿ ಮುಗಿಯಬಹುದಿತ್ತು, ಕಿಟಕಿಯ ಹತ್ತಿರ ನಿಂತವನಿಗೆ ಬಾಯಿ ಇಲ್ಲದಿದ್ದರೆ.

"ಸುಮ್ಮನೆ ಹೇಳ್ತೀನಿ ಅಂತ ತಿಳೀಬೇಡಿ ಸಾರ್," ಎಂದ ಟೈಲರ್, "ಸರಾಸರಿ ತೆಗೆದಾಗ ನನ್ನ ಗುರುತೇ ಹತ್ತಿರ ಇತ್ತು."

ಮಾವ ಅಳಿಯನ ಕೈ ಬಿಡಲಿಲ್ಲ. ತಲೆಯನ್ನು ಮಾತ್ರ ತಿರುಗಿಸಿದರು. "ನೀವು ಈಗ 'ಸರಾಸರಿ' ಅಂದ್ರಿ."

"ಅಂದ್ನಾ?"

"ಅದಾದ್ಮೇಲೆ 'ನನ್ನ ಗುರುತೇ' ಅಂದ್ರಿ."

"ಅವರದ್ದು ಎಲ್ಲಿ ಹತ್ತಿರ ಇತ್ತು ಸಾರ್," ಎಂದರು ಡಾಕ್ಟರಮ್ಮ, ಸಕ್ಕರೆ ಬಟ್ಟಲನ್ನು ಪಕ್ಕಕ್ಕಿಟ್ಟು. "ಹತ್ತಿರ ಇದ್ದಿದ್ದು ನನ್ನ ಕೆಂಪು. ಬೇಕಾದ್ರೆ ಕನ್ನಡಿ ತರ್ತೀನಿ. ಇವರ ನೀಲಿ ಗುರುತಿಗೆ ಬಿಟ್ಟಿದ್ರೆ ನೀವು ಇವತ್ತು ಸತ್ತ ಹಲ್ಲನ್ನ ಕೇಳ್ಬೇಕಿತ್ತು."

"ಹಲ್ಲು," ಎಂದರು ಮಾವ. "ಕನ್ನಡಿ. ಕೆಂಪು. ನೀಲಿ." ಅವರ ತೋರುಬೆರಳು ಅಳಿಯನ ಅಂಗೈ ಮೇಲೇ ಬರೆಯತೊಡಗಿತು. "ಇನ್ಯಾವ ಬಣ್ಣ?"

"ಹಳದಿ," ಎಂದಳು ಮಗಳು, ನೆಲ ನೋಡುತ್ತ. "ಅದು ನಂದು ಅಪ್ಪ."

ಮಾವ ಎಲ್ಲರನ್ನೂ ಒಂದು ಸುತ್ತು ನೋಡಿ ಕೊನೆಗೆ ಅಳಿಯನ ಮುಖದ ಮೇಲೆ ದೃಷ್ಟಿ ನಿಲ್ಲಿಸಿದರು. "ಮೊದಲು ತಿರುಗಿಸಿದ್ದು?"

"ಬಟ್ಟೆ, ಮಾವ."

"ಬಟ್ಟೆ ಯಾರ ಕೈಲಿತ್ತು?"

ಇಷ್ಟು ಸರಳವಾದ ಪ್ರಶ್ನೆ ಇದೆಯೆಂದು ತಕ್ಕಡಿಗೆ ಹೊಳೆದೇ ಇರಲಿಲ್ಲ. "ನನ್ನ ಕೈಲಿ," ಎಂದ.

ಮಾವ ಕೈ ಬಿಟ್ಟರು. ಹೋಗಿ ಕುರ್ಚಿಯಲ್ಲಿ ಕೂತರು. ಹಾಡು ಮುಗಿದು ಸುಮ್ಮನೆ ತಿರುಗುತ್ತಿದ್ದ ರೆಕಾರ್ಡು ಎರಡೂ ಸ್ಪೀಕರುಗಳಿಂದ ಚಿಟ್ ಚಿಟ್ ಎನ್ನುತ್ತಿತ್ತು.

"ಮೊದಲು ಎಲ್ಲಿತ್ತು?"

"ಗೊತ್ತಿಲ್ಲ ಮಾವ. ನಿಮಗೆ?"

"ನನಗೂ ಗೊತ್ತಿಲ್ಲ." ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ಅಂಗಡಿಯವನು ತಂದು ಕೂರಿಸಿದ. ಹಿಂದೆ ಕೈ ಹಾಕ್ಬೇಡಿ ಅಂದ. ಶಾಕ್ ಹೊಡೆಯುತ್ತೆ ಅಂದನೋ, ಕೆಟ್ಟುಹೋಗುತ್ತೆ ಅಂದನೋ... ನೆನಪಿಲ್ಲ."

ಮಾವನ ಬಾಯಲ್ಲಿ ಆ ಕೊನೆಯ ಮಾತನ್ನು ಮಗಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಮತ್ತೆ ಈಗ ತಾನೇ, ಇದೇ, ಕೂದಲಿನಷ್ಟೂ ಆಚೀಚೆ ಇಲ್ಲ ಅಂದೆಯಲ್ಲಪ್ಪ?"

"ಅಂದೆ," ಎಂದರು ಮಾವ. "ಅಂದಿದ್ದು ದಾಖಲಾಯ್ತು."

ಟೈಲರ್ ಬಾಗಿಲಿನ ಕಡೆ ಸರಿಯತೊಡಗಿದ. ಡಾಕ್ಟರಮ್ಮ ಸಕ್ಕರೆಯನ್ನು ಮತ್ತೆ ಕೈಗೆತ್ತಿಕೊಂಡರು. ಆದರೆ ಮಾವನ ಮುಖದಲ್ಲಿ ಸಿಟ್ಟಿನ ಬದಲು, ಬಹಳ ವರ್ಷಗಳ ಮೇಲೆ ತಮ್ಮ ಹಳೇ ಕಚೇರಿಯ ವಾಸನೆ ಹತ್ತಿದವರ ಮಂದಹಾಸ ಮೂಡುತ್ತಿತ್ತು.

"ತಪ್ಪಾಯ್ತು. ನಿಜ ಏನಿತ್ತು ಅಂತ ಯಾರಿಗೂ ಗೊತ್ತಾಗಲಿಲ್ಲ. ಸಾಕ್ಷಿಗಳನ್ನ ಕರೆದ್ರಿ. ಒಬ್ಬೊಬ್ಬರು ಒಂದೊಂದು ಹೇಳಿದರು. ಯಾರ ಮಾತೂ ನಿಜ ಅಲ್ಲದ ಒಂದು ಜಾಗ ಹುಡುಕಿ, ಅದರ ಮೇಲೆ ಮುದ್ರೆ ಒತ್ತಿಸಿದ್ರಿ." ಅವರು ಅಳಿಯನನ್ನು ಕಣ್ತುಂಬ ನೋಡಿದರು. "ನಾನು ಜೀವಮಾನ ಪೂರ್ತಿ ಕೂತು ಬರ್ಕೊಂಡಿದ್ದು ಇದನ್ನೇ. ಅಳಿಯಂದಿರಿಗೆ ಯಾರೂ ಹೇಳಿಕೊಡದೇ ಬಂದಿದೆ."

"ಮಾವ..."

"ನೆಲದ ಕೆಲಸ ಮುಗೀತು. ಇವತ್ತು ಇವುಗಳನ್ನ ವಾಪಸ್ ತಗೊಂಡು ಹೋಗೋಣ ಅಂತಲೇ ಬಂದಿದ್ದೆ. ಬೇಡ. ಇಲ್ಲೇ ಇರಲಿ. ಇವತ್ತಿನಿಂದ ಇವು ಅಳಿಯಂದಿರದು. ಮಗಳಿಗಲ್ಲ, ಅಳಿಯಂದಿರಿಗೇ ಕೊಡ್ತಿದ್ದೀನಿ. ನಾನು ವಾರವಾರ ಬಂದು ಕೇಳಿ ಹೋಗ್ತೀನಿ."

ಹೆಂಡತಿ ಗಂಡನ ಕಡೆ ತಿರುಗಿದಳು. ಮದುವೆಯಾದಾಗಿನಿಂದ ಅವಳು ಇವನಿಗಾಗಿ ಕಾದಿದ್ದ ಗಳಿಗೆ ಎದುರಿಗೇ ಬಂದು ನಿಂತಿತ್ತು.

"ಒಳ್ಳೇದಾಯ್ತು ಸಾರ್!" ಎಂದ ಟೈಲರ್ ಬಾಗಿಲಿನಿಂದ ವಾಪಸು ಬರುತ್ತ. "ಅಂಗಡಿ ಮುಚ್ಚಿ ದಿನಾ ಸಂಜೆ ಬಂದುಬಿಡ್ತೀನಿ. ಆ ಎಡಗಡೇದು ತೋಳಿನ ಹತ್ತಿರ ಇನ್ನೂ ಸ್ವಲ್ಪ ಎಳೀತಿದೆ."

"ಕೆಳಗಿನ ಸಾಲು ಇನ್ನೂ ಯಾರೂ ನೋಡೇ ಇಲ್ಲ," ಎಂದರು ಡಾಕ್ಟರಮ್ಮ. "ದಪ್ಪ ಸದ್ದಲ್ಲಿ ಏನೋ ಅಲುಗಾಡ್ತಿರೋ ಹಾಗಿದೆ."

ತಕ್ಕಡಿ ಎಡಗಡೆಯ ಪೆಟ್ಟಿಗೆಯನ್ನು ನೋಡಿದ. ಬಲಗಡೆಯ ಪೆಟ್ಟಿಗೆಯನ್ನು ನೋಡಿದ.

"ಬೇಡ," ಎಂದ.

ಮಾವ ನಕ್ಕರು. "ಸಂಕೋಚ ಪಟ್ಕೋಬೇಡಿ. ಮನಃಪೂರ್ವಕ ಕೊಡ್ತಿದ್ದೀನಿ."

"ಸಂಕೋಚ ಏನಿಲ್ಲ ಮಾವ. ನನಗೆ ಬೇಡ."

"ರೀ!" ಎಂದಳು ಹೆಂಡತಿ.

ಮಾವ ಮುಂದಕ್ಕೆ ಬಾಗಿದರು. ದನಿ ತಗ್ಗಿಸಿ, ಚೌಕಾಸಿ ಮಾಡುವವರಂತೆ ಕೇಳಿದರು, "ಹೋಗಲಿ, ಒಂದಾದರೂ ಇಟ್ಕೊಳ್ಳಿ?"

"ಒಂದೂ ಬೇಡ," ಎಂದ ತಕ್ಕಡಿ.